ಆಟದ ಮನೆಯಲ್ಲಿ ಹುಟ್ಟಿದರೆ ಛಲ ತಾನಾಗಿ ಬರುತ್ತದೆಯೇ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೋಚಿಂಗ್ ಕ್ಯಾಂಪ್‌ಗಳ ಜಾಹೀರಾತಿನ ಜೊತೆ ಒಂದಿಷ್ಟು ಉಪದೇಶಗಳೂ ಓಡಾಡುತ್ತವೆ. ಆಟ ರಕ್ತದಲ್ಲೇ ಇರಬೇಕು, ಇಲ್ಲದವರಿಗೆ ಎಷ್ಟು ಕಲಿಸಿದರೂ ಅಷ್ಟೇ ಎನ್ನುತ್ತದೆ ಒಂದು. ಐದು ವರ್ಷದೊಳಗೆ ಶುರು ಮಾಡದಿದ್ದರೆ ತಡವಾಯಿತು ಎನ್ನುತ್ತದೆ ಇನ್ನೊಂದು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಚಾಂಪಿಯನ್ ಆಗಬಹುದು ಎನ್ನುತ್ತದೆ ಮತ್ತೊಂದು. ಕೆಳಗೆ ಯಾರೋ ಪ್ರಸಿದ್ಧ ಅಪ್ಪ-ಮಕ್ಕಳ ಫೋಟೊ, ಕೊನೆಗೆ ‘ಎಲ್ಲ ಪೋಷಕರಿಗೂ ತಲುಪಿಸಿ’ ಎಂಬ ಸಾಲು.

ಗಮನಿಸಿ ನೋಡಿದರೆ ಮೊದಲನೆಯದೂ ಮೂರನೆಯದೂ ಒಂದಕ್ಕೊಂದು ತದ್ವಿರುದ್ಧ. ಆದರೂ ಎರಡನ್ನೂ ಒಬ್ಬರೇ ಫಾರ್ವರ್ಡ್ ಮಾಡುವುದುಂಟು!

ಇವುಗಳನ್ನು ನಂಬಿದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಮಕ್ಕಳಿಗೆ. ಕ್ರೀಡಾಪಟುವಿನ ಮಗ ಮೈದಾನದಲ್ಲಿ ಸಾಧಾರಣವಾಗಿ ಆಡಿದರೆ ಅವನಿಗೆ ‘ಸೋಮಾರಿ’ ಎಂಬ ಹೆಸರು ಬರುತ್ತದೆ. ಆಟದ ಹಿನ್ನೆಲೆಯಿಲ್ಲದ ಮನೆಯ ಹುಡುಗಿಯನ್ನು ‘ನಮ್ಮ ಕಡೆ ಯಾರೂ ಆಡಿದವರಿಲ್ಲ’ ಎಂದು ಗೇಟಿನಲ್ಲೇ ತಡೆಯುತ್ತಾರೆ. ಹನ್ನೆರಡು ವರ್ಷದ ಮಗು ಮಂಡಿನೋವೆಂದು ಆಸ್ಪತ್ರೆಗೆ ಬರುತ್ತದೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ರಕ್ತದಲ್ಲಿ ಏನಿದೆ, ಏನಿಲ್ಲ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಪೂರ್ತಿ ಸುಳ್ಳೇನಲ್ಲ. ಎತ್ತರವನ್ನೇ ತೆಗೆದುಕೊಳ್ಳಿ. ಊಟ, ಆರೋಗ್ಯ ಚೆನ್ನಾಗಿರುವ ಸಮಾಜಗಳಲ್ಲಿ ಜನರ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ 80ರಷ್ಟು ಅನುವಂಶೀಯ ಎಂದು ಅವಳಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಬಾಸ್ಕೆಟ್‌ಬಾಲ್, ವಾಲಿಬಾಲ್ ಆಡುವವರಿಗೆ ಇದು ಸಣ್ಣ ವಿಷಯವಲ್ಲ. ಬ್ರಿಟನ್ನಿನ ಅವಳಿ ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಪರ್ಧಾತ್ಮಕ ಕ್ರೀಡಾಪಟುವಾಗುವುದರಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 66 ಎಂದು ಅಂದಾಜಿಸಿತು.

ಈ ಅಂಕಿಯನ್ನು ನೋಡಿ ಗಾಬರಿಯೂ ಬೇಡ, ಹಿಗ್ಗುವುದೂ ಬೇಡ. ನಿಮ್ಮ ಮಗಳ ಆಟದಲ್ಲಿ 66 ಪಾಲು ನಿಮ್ಮದು, 34 ಪಾಲು ಕೋಚ್‌ದು ಎಂದು ಇದರ ಅರ್ಥವಲ್ಲ. ಒಂದು ಗುಂಪಿನ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಅವರ ಜೀನ್‌ಗಳ ವ್ಯತ್ಯಾಸ ಎಷ್ಟರಮಟ್ಟಿಗೆ ಕಾರಣ ಎಂಬ ಲೆಕ್ಕ ಇದು. ಒಂದೇ ಹೊಲದಲ್ಲಿ, ಒಂದೇ ನೀರಿನಲ್ಲಿ ಬೆಳೆದ ರಾಗಿಯ ಪೈರುಗಳ ನಡುವೆ ಹೆಚ್ಚುಕಮ್ಮಿ ಇದ್ದರೆ ಅದು ಬಹುಪಾಲು ಬೀಜದ ಗುಣ. ಆದರೆ ನೀರಾವರಿ ಹೊಲದ ರಾಗಿಗೂ ಮಳೆ ಕೈಕೊಟ್ಟ ಹೊಲದ ರಾಗಿಗೂ ಇರುವ ವ್ಯತ್ಯಾಸಕ್ಕೆ ಬೀಜವನ್ನು ದೂರಿ ಪ್ರಯೋಜನವಿಲ್ಲ.

ಇದೇ ಜಾಡಿನಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ‘ಹೆರಿಟೇಜ್’ ಎಂಬ ಅಧ್ಯಯನ ನನಗೆ ಇನ್ನೂ ಕುತೂಹಲಕಾರಿ ಎನಿಸುತ್ತದೆ. ವ್ಯಾಯಾಮದ ಅಭ್ಯಾಸವಿಲ್ಲದ ಅಪ್ಪ, ಅಮ್ಮ ಮತ್ತು ಅವರ ದೊಡ್ಡ ಮಕ್ಕಳಿಗೆ 20 ವಾರ ಒಂದೇ ಬಗೆಯ ಸೈಕಲ್ ತರಬೇತಿ ಕೊಟ್ಟು, ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಎಷ್ಟು ಹೆಚ್ಚಿತೆಂದು ಅಳೆದರು. ಕೆಲವರಲ್ಲಿ ಅದು ಬಹಳ ಹೆಚ್ಚಿತು, ಕೆಲವರಲ್ಲಿ ಹೆಚ್ಚಿದ್ದೇ ಗೊತ್ತಾಗದಷ್ಟು ಕಡಿಮೆ. ಈ ವ್ಯತ್ಯಾಸ ಒಂದೇ ಮನೆಯವರ ನಡುವೆ ಇದ್ದದ್ದಕ್ಕಿಂತ ಮನೆಮನೆಗಳ ನಡುವೆ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ತರಬೇತಿಗೆ ದೇಹ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರಲ್ಲೂ ಮನೆತನದ ಛಾಯೆ ಇದೆ ಎಂದಾಯಿತು. ಪಕ್ಕದ ಮನೆಯ ಹುಡುಗನಷ್ಟೇ ಓಡಿದರೂ ನಿಮ್ಮ ಹುಡುಗನ ದಮ್ಮು ಅಷ್ಟೇ ಬೆಳೆಯದಿದ್ದರೆ ಅದು ಅವನ ಮನಸ್ಸಿಲ್ಲದ ಮನಸ್ಸಿನ ಗುರುತು ಆಗಿರಬೇಕಿಲ್ಲ.

ಇನ್ನು ‘ನಿಮ್ಮ ಮಗುವಿಗೆ ಯಾವ ಆಟ ಎಂದು ಡಿಎನ್‌ಎ ಹೇಳುತ್ತದೆ’ ಎನ್ನುವ ಕಿಟ್‌ಗಳು. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಲ್ಲಿ ಉಜ್ಜಿ ಅಥವಾ ಎಂಜಲು ಸಂಗ್ರಹಿಸಿ ಕಳಿಸಿದರೆ ವರದಿ ಮೊಬೈಲಿಗೇ ಬರುತ್ತದೆ. ಇವು ಹೆಚ್ಚಾಗಿ ಹೇಳುವುದು ಎಸಿಟಿಎನ್-3 ಎಂಬ ಜೀನ್‌ನ ಬಗ್ಗೆ. ವೇಗವಾಗಿ ಸಂಕುಚಿಸುವ ಸ್ನಾಯುಗಳಲ್ಲಿ ಇರುವ ಒಂದು ಪ್ರೋಟೀನ್‌ಗೆ ಸಂಬಂಧಿಸಿದ ಜೀನ್ ಇದು. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಪ್ರೋಟೀನ್ ತಯಾರಾಗುವುದೇ ಇಲ್ಲ, ಅವರೆಲ್ಲ ಆರೋಗ್ಯವಾಗಿಯೇ ಇದ್ದಾರೆ. ಉನ್ನತ ಮಟ್ಟದ ವೇಗದ ಓಟಗಾರರಲ್ಲಿ ಈ ಪ್ರೋಟೀನ್ ಇಲ್ಲದವರು ಕಡಿಮೆ ಎನ್ನುವುದು ನಿಜ. ಆದರೆ ಈ ಪ್ರೋಟೀನ್ ಇಲ್ಲದೆಯೇ ಒಲಿಂಪಿಕ್ಸ್ ಮಟ್ಟಕ್ಕೆ ಏರಿದ ಸ್ಪೇನಿನ ಲಾಂಗ್ ಜಂಪ್ ಪಟುವಿನ ಬಗ್ಗೆಯೂ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. 2015ರಲ್ಲಿ ಈ ಕ್ಷೇತ್ರದ ತಜ್ಞರ ಗುಂಪೊಂದು ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ, ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳಿಗೆ ಈಗಿನ ವಿಜ್ಞಾನದಲ್ಲಿ ಜಾಗವಿಲ್ಲ, ಮಕ್ಕಳಿಗಂತೂ ಮಾಡಿಸಲೇಬಾರದು ಎಂದು ಸ್ಪಷ್ಟವಾಗಿ ಬರೆಯಿತು. ಆ ಹಣದಲ್ಲಿ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ.

ಕೊಡಗಿನ ಹಾಕಿ: ರಕ್ತವೋ, ಮೈದಾನವೋ?

‘ರಕ್ತದಲ್ಲೇ ಇದೆ’ ಎಂಬ ಮಾತು ಕನ್ನಡ ನಾಡಿನಲ್ಲಿ ಅತಿ ಹೆಚ್ಚು ಕೇಳಿಬರುವುದು ಕೊಡಗಿನ ಹಾಕಿಯ ವಿಷಯದಲ್ಲಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ ಎಂದು ಹೆಸರುಗಳನ್ನು ಹೇಳುತ್ತಾ ಹೋಗಬಹುದು. ಒಂದು ಪುಟ್ಟ ಜಿಲ್ಲೆಗೆ ಇದು ದೊಡ್ಡ ಪಟ್ಟಿಯೇ.

ಆದರೆ ಅಲ್ಲಿನ ಮಗು ಏನನ್ನು ನೋಡುತ್ತಾ ಬೆಳೆಯುತ್ತದೆ ಎಂಬುದನ್ನೂ ನೋಡಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳ ತಂಡಗಳಿದ್ದವು, ಅದು ಗಿನ್ನೆಸ್ ದಾಖಲೆಯೂ ಆಯಿತು. ಒಂದು ಮನೆತನದ ಹೆಸರಿನಲ್ಲಿ ತಂಡ, ಅದರಲ್ಲಿ ಅಜ್ಜನೂ ಆಡಬಹುದು, ಸೊಸೆಯೂ ಆಡಬಹುದು, ಶಾಲೆಗೆ ಹೋಗುವ ಹುಡುಗಿಯೂ ಆಡಬಹುದು. ಅಂಥ ಊರಿನಲ್ಲಿ ಸ್ಟಿಕ್ ಹಿಡಿಯುವುದಕ್ಕೆ ವಿಶೇಷ ಧೈರ್ಯ ಬೇಕಿಲ್ಲ, ಹಿಡಿಯದೆ ಇರುವುದಕ್ಕೇ ಒಂದು ಕಾರಣ ಹೇಳಬೇಕಾಗುತ್ತದೆ.

ಎರಡು ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯವರು. ಕೊಡವ ಮನೆತನದವರಲ್ಲ. ರಕ್ತದ ವಾದ ಇಲ್ಲಿ ಸೊರಗುತ್ತದೆ, ಮೈದಾನದ ವಾದ ನಿಲ್ಲುತ್ತದೆ. ಅದೇ ಕೊಡಗಿನ ರೋಹನ್ ಬೋಪಣ್ಣ ಹಾಕಿಯ ನಡುವೆ ಬೆಳೆದು ಟೆನಿಸ್‌ಗೆ ಹೋದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಕ್ರೀಡಾ ಕುಟುಂಬ ಮಗುವಿಗೆ ಕೊಡುವುದರಲ್ಲಿ ದೊಡ್ಡ ಪಾಲು ಇಂಥದ್ದೇ. ಯಾವ ಕೋಚ್ ಒಳ್ಳೆಯವರು, ಸೆಲೆಕ್ಷನ್ ಯಾವಾಗ, ಕಾಲು ಉಳುಕಿದರೆ ಎಷ್ಟು ದಿನ ಆಡಬಾರದು, ಸೋತ ದಿನ ರಾತ್ರಿ ಊಟ ಮಾಡಿ ಮಲಗಿದರೆ ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ ಎಂಬ ತಿಳಿವಳಿಕೆ. ಬೇರೆ ಮನೆಯವರು ಇದನ್ನೆಲ್ಲ ದುಡ್ಡು ಮತ್ತು ವರ್ಷಗಳನ್ನು ಕಳೆದು ಕಲಿಯುತ್ತಾರೆ. ಪಿ.ವಿ. ಸಿಂಧು ಅವರ ಅಪ್ಪ-ಅಮ್ಮ ಇಬ್ಬರೂ ವಾಲಿಬಾಲ್ ಆಡಿದವರು. ಅಪ್ಪ ರಮಣ 1986ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮಗಳು ಬ್ಯಾಡ್ಮಿಂಟನ್ ಹಿಡಿದಳು. ಲಿಯಾಂಡರ್ ಪೇಸ್ ಅವರ ಅಪ್ಪ ವೇಸ್ ಪೇಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಕಿಯ ಕಂಚು ಗೆದ್ದವರು, ಅಮ್ಮ ಬಾಸ್ಕೆಟ್‌ಬಾಲ್ ಆಟಗಾರ್ತಿ. ಮಗ 1996ರಲ್ಲಿ ಅಟ್ಲಾಂಟಾದಲ್ಲಿ ಕಂಚು ತಂದದ್ದು ಟೆನಿಸ್‌ನಲ್ಲಿ. ಅಪ್ಪ-ಅಮ್ಮನ ಆಟವನ್ನೇ ಮಗು ಆಡಬೇಕು ಎಂಬ ನಿಯಮವಂತೂ ಇಲ್ಲ.

ಒಂದು ಮನೆ, ಮೂರು ದಾರಿ

ಈ ವಿಷಯಕ್ಕೆ ನಮಗೆ ತೀರಾ ಹತ್ತಿರದ ಉದಾಹರಣೆ ಬೆಂಗಳೂರಿನ ಪಡುಕೋಣೆ ಕುಟುಂಬ. ರಮೇಶ್ ಪಡುಕೋಣೆ ಆಗಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ಕಾರ್ಯದರ್ಶಿಯಾಗಿ ದುಡಿದವರು. ಮಗ ಪ್ರಕಾಶ್‌ಗೆ ಆಟ ಪರಿಚಯವಾದದ್ದು ಅವರಿಂದಲೇ. ಆಗ ಇವತ್ತಿನಂಥ ಒಳಾಂಗಣ ಕೋರ್ಟ್‌ಗಳು ಎಲ್ಲಿದ್ದವು? ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ ಆಡುತ್ತಿದ್ದರು. ಅಲ್ಲಿ ಮದುವೆ ಇದ್ದರೆ ಆಟವಿಲ್ಲ, ಮದುವೆ ಇಲ್ಲದಿದ್ದರೆ ಶಾಲೆ ಬಿಟ್ಟೊಡನೆ ಓಡುವುದು. 1970ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಪ್ರಕಾಶ್ ಸೋತರು. 1972ರಲ್ಲಿ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡೂ ಪ್ರಶಸ್ತಿ ಗೆದ್ದರು. 1980ರಲ್ಲಿ ಆಲ್ ಇಂಗ್ಲೆಂಡ್.

ಫಾರ್ವರ್ಡ್‌ಗಳು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಮುಂದಿನ ಭಾಗ ಇನ್ನೂ ಉಪಯುಕ್ತ. ಮಗಳು ದೀಪಿಕಾ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರಮಟ್ಟದವರೆಗೆ ಆಡಿದರು. ಶಾಲೆಗೆ ಮುಂಚೆ ವ್ಯಾಯಾಮ, ಶಾಲೆಯ ನಂತರ ಕೋರ್ಟ್, ಹೀಗೆ ವರ್ಷಗಟ್ಟಲೆ. ಕೈಯಲ್ಲಿ ಆಟವಿತ್ತು, ಶಿಸ್ತಿತ್ತು, ಮನೆಯಲ್ಲೇ ವಿಶ್ವಮಟ್ಟದ ಮಾರ್ಗದರ್ಶಕರಿದ್ದರು. ಹತ್ತನೇ ತರಗತಿಯ ಹೊತ್ತಿಗೆ, ಮನೆಯಲ್ಲಿ ಆಟ ನಡೆದುಕೊಂಡು ಬಂದಿದೆ ಎಂಬ ಒಂದೇ ಕಾರಣಕ್ಕೆ ತಾನು ಆಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿತು. ಬಿಡಲೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಬೇಸರಪಟ್ಟುಕೊಳ್ಳಲಿಲ್ಲ ಎಂದು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ತಂಗಿ ಅನೀಷಾ ಗಾಲ್ಫ್ ಆರಿಸಿಕೊಂಡರು.

ಒಂದೇ ರಕ್ತ, ಒಂದೇ ಊಟದ ಮೇಜು. ಒಬ್ಬರು ನಟಿ, ಒಬ್ಬರು ಗಾಲ್ಫ್ ಆಟಗಾರ್ತಿ. ದೀಪಿಕಾಗೆ ಛಲ ಇರಲಿಲ್ಲ ಎಂದು ಯಾರೂ ಹೇಳಲಾರರು. ಅದು ಬೇರೆ ಕಡೆ ಮುಖ ಮಾಡಿತ್ತು, ಅಷ್ಟೇ. ಆಟ ಕಲಿಸಿದ್ದ ಶಿಸ್ತನ್ನು ಅವರು ಸಿನಿಮಾಕ್ಕೂ ಒಯ್ದರು.

ಛಲ ಎಲ್ಲಿಂದ ಹುಟ್ಟುತ್ತದೆ

ಸ್ವಭಾವದ ಗುಣಗಳಲ್ಲೂ ಅನುವಂಶೀಯತೆಗೆ ಸುಮಾರು ಶೇ 40ರಷ್ಟು ಪಾಲಿದೆ ಎಂದು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಹಾಗಾಗಿ ಕೆಲವು ಮಕ್ಕಳು ಹುಟ್ಟಿನಿಂದಲೇ ಸ್ವಲ್ಪ ಹಟವಾದಿಗಳು ಎಂಬ ಅಜ್ಜಿಯರ ಮಾತಿನಲ್ಲಿ ಹುರುಳಿದೆ. ಉಳಿದದ್ದನ್ನು ಅರ್ಥ ಮಾಡಿಕೊಳ್ಳಲು 1973ರ ಒಂದು ಪ್ರಯೋಗ ನೆರವಿಗೆ ಬರುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಸ್ಕೆಚ್ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಆಗಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೆ, ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಮಕ್ಕಳು ತಮ್ಮಷ್ಟಕ್ಕೆ ಏನು ಮಾಡುತ್ತಾರೆಂದು ನೋಡಿದಾಗ, ಬಹುಮಾನದ ಮಾತು ಕೇಳಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಇಷ್ಟದಿಂದ ಮಾಡುತ್ತಿದ್ದ ಕೆಲಸ ಕೂಲಿಯ ಕೆಲಸವಾಗಿತ್ತು.

ಎಡ್ವರ್ಡ್ ಡೆಸಿ, ರಿಚರ್ಡ್ ರಯನ್ ಎಂಬ ಮನೋವಿಜ್ಞಾನಿಗಳು ಇಂಥ ಪ್ರಯೋಗಗಳನ್ನು ಮುಂದುವರಿಸಿ ಒಂದು ಸಿದ್ಧಾಂತ ಕಟ್ಟಿದರು. ಒಳಗಿನಿಂದ ಬರುವ ಹುಮ್ಮಸ್ಸು ಉಳಿಯಬೇಕಾದರೆ ಮನುಷ್ಯನಿಗೆ ಮೂರು ಬೇಕು: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವನೆ, ನನ್ನ ಕೈಲಿ ಆಗುತ್ತಿದೆ ಎಂಬ ಅನುಭವ, ನನ್ನವರು ನನ್ನ ಜೊತೆಗಿದ್ದಾರೆ ಎಂಬ ನಂಬಿಕೆ. ಕ್ರೀಡಾ ಕುಟುಂಬದ ಮಗುವಿಗೆ ಎರಡನೆಯದು ಬೇಗ ಸಿಗುತ್ತದೆ, ಏಕೆಂದರೆ ಕಲಿಸುವವರು ಮನೆಯಲ್ಲೇ ಇದ್ದಾರೆ. ಅಪಾಯ ಇರುವುದು ಮೊದಲನೆಯದರಲ್ಲಿ ಮತ್ತು ಮೂರನೆಯದರಲ್ಲಿ. ಆಟವನ್ನು ಆರಿಸಿಕೊಳ್ಳುವ ಮೊದಲೇ ಅದು ಅವರ ಪಾಲಿಗೆ ಬಂದಿರುತ್ತದೆ. ಗೆದ್ದ ದಿನ ಮನೆ ನಗುತ್ತದೆ, ಸೋತ ದಿನ ಅಪ್ಪ ಮಾತಾಡುವುದಿಲ್ಲ ಎಂದಾದರೆ ಪ್ರೀತಿಯೂ ಸ್ಕೋರ್‌ಬೋರ್ಡಿಗೆ ಅಂಟಿಕೊಳ್ಳುತ್ತದೆ.

‘ಹಾಗಾದರೆ ಒತ್ತಡ ಹಾಕಿ ಬೆಳೆಸಿದವರು ಚಾಂಪಿಯನ್ ಆಗಿಲ್ಲವೇ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಆಗಿದ್ದಾರೆ. ಆಂಡ್ರೆ ಅಗಾಸಿ ಇದ್ದಾರೆ. ಅವರ ತಂದೆ ಇರಾನ್ ಪರ ಎರಡು ಒಲಿಂಪಿಕ್ಸ್‌ಗಳಲ್ಲಿ ಬಾಕ್ಸಿಂಗ್ ಆಡಿದವರು. ದಿನಕ್ಕೆ 2,500 ಚೆಂಡು ಹೊಡೆದರೆ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ, ಅಷ್ಟು ಹೊಡೆದವನನ್ನು ಯಾರೂ ಸೋಲಿಸಲಾರರು ಎಂಬುದು ಅವರ ಲೆಕ್ಕ. ಚೆಂಡು ಉಗುಳುವ ಯಂತ್ರಕ್ಕೆ ಮಗ ಇಟ್ಟ ಹೆಸರು ‘ಡ್ರ್ಯಾಗನ್’. ಎಂಟು ಗ್ರ್ಯಾನ್ ಸ್ಲಾಮ್ ಗೆದ್ದ ಈ ಮನುಷ್ಯ 2009ರಲ್ಲಿ ಬಂದ ಆತ್ಮಕತೆಯಲ್ಲಿ, ತನಗೆ ಟೆನಿಸ್ ಎಂದರೆ ದ್ವೇಷ ಎಂದು ಬರೆದರು. 1997ರಲ್ಲಿ ಅವರ ರ‍್ಯಾಂಕಿಂಗ್ 141ಕ್ಕೆ ಕುಸಿದಿತ್ತು. ಅಲ್ಲಿಂದ ಸಣ್ಣ ಟೂರ್ನಿಗಳನ್ನು ಆಡುತ್ತಾ 1999ರಲ್ಲಿ ಫ್ರೆಂಚ್ ಓಪನ್ ಗೆದ್ದು ಮತ್ತೆ ಮೊದಲ ಸ್ಥಾನಕ್ಕೆ ಬಂದರು. ಆ ಎರಡನೇ ಏರಿಕೆಯ ಹೊತ್ತಿಗೆ ಆಡಲು ಅವರಿಗೆ ತಮ್ಮದೇ ಕಾರಣಗಳಿದ್ದವು.

ಮತ್ತೊಂದು ಮಾತು. ಯಶಸ್ವಿಯಾದ ಒಬ್ಬ ಅಗಾಸಿಯ ಕತೆ ನಮಗೆ ಗೊತ್ತು. ಅಂಥದ್ದೇ ಅಪ್ಪನ ಕೈಯಲ್ಲಿ ಬೆಳೆದು ಹದಿನಾಲ್ಕಕ್ಕೆ ರಾಕೆಟ್ ಬಿಸಾಡಿದವರ ಆತ್ಮಕತೆಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ನಿಯಮ ಮಾಡುವ ಈ ತಪ್ಪು ಬಹುತೇಕ ಎಲ್ಲ ಸ್ಫೂರ್ತಿ ಸಂದೇಶಗಳಲ್ಲೂ ಇರುತ್ತದೆ.

ಹತ್ತು ಸಾವಿರ ಗಂಟೆ, ಐದನೇ ವರ್ಷ

ಹತ್ತು ಸಾವಿರ ಗಂಟೆಯ ಮೂಲ ಕ್ರೀಡೆಯಲ್ಲೇ ಇಲ್ಲ. ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತ್ಯುತ್ತಮರೆನಿಸಿದವರು 20ನೇ ವಯಸ್ಸಿಗೆ ಸರಾಸರಿ ಅಷ್ಟು ಅಭ್ಯಾಸ ಮಾಡಿದ್ದರು. ಸರಾಸರಿ ಎಂದ ಮೇಲೆ ಕಡಿಮೆ ಮಾಡಿದವರೂ ಇದ್ದರು. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಇದನ್ನು ನಿಯಮದಂತೆ ಪ್ರಚಾರ ಮಾಡಿದರು, ಎರಿಕ್ಸನ್ ಅವರೇ ಅದನ್ನು ಒಪ್ಪಲಿಲ್ಲ. ಕ್ರೀಡೆಯ ಮಟ್ಟಿಗೆ 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಗಾರರ ನಡುವಿನ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸದ ಗಂಟೆಗಳು ವಿವರಿಸಿದ್ದು ಶೇ 18ರಷ್ಟನ್ನು. ಅತ್ಯುನ್ನತ ಮಟ್ಟದವರಲ್ಲಿ ಕೇವಲ ಶೇ 1. ಅಭ್ಯಾಸ ಬೇಡ ಎಂದಲ್ಲ, ಆ ಮಟ್ಟದಲ್ಲಿ ಎಲ್ಲರೂ ವಿಪರೀತ ಅಭ್ಯಾಸ ಮಾಡಿರುತ್ತಾರೆ, ಗೆಲುವನ್ನು ಬೇರೆ ಸಂಗತಿಗಳು ತೀರ್ಮಾನಿಸುತ್ತವೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವವರು 2021ರ ಇನ್ನೊಂದು ವಿಶ್ಲೇಷಣೆಯನ್ನು ನೋಡಬೇಕು. ಆರ್ನೆ ಗ್ಯುಲಿಖ್ ಮತ್ತು ಸಂಗಡಿಗರು 6,096 ಕ್ರೀಡಾಪಟುಗಳ ಮಾಹಿತಿ ಸೇರಿಸಿದರು, ಅವರಲ್ಲಿ 772 ಮಂದಿ ವಿಶ್ವಮಟ್ಟದವರು. ಬೇಗ ಒಂದೇ ಆಟಕ್ಕೆ ಅಂಟಿಕೊಂಡ ಮಕ್ಕಳು ಜೂನಿಯರ್ ಹಂತದಲ್ಲಿ ಗೆಲ್ಲುತ್ತಿದ್ದರು, ಇದು ನಿಜ. ಆದರೆ ದೊಡ್ಡವರಾದ ಮೇಲೆ ವಿಶ್ವಮಟ್ಟ ತಲುಪಿದವರು, ರಾಷ್ಟ್ರಮಟ್ಟದಲ್ಲೇ ನಿಂತವರಿಗಿಂತ ಬಾಲ್ಯದಲ್ಲಿ ಹೆಚ್ಚು ಬೇರೆ ಬೇರೆ ಆಟ ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಆರಂಭಿಸಿದ್ದರು, ಮೊದಮೊದಲು ನಿಧಾನವಾಗಿ ಬೆಳೆದಿದ್ದರು. ರೋಹನ್ ಬೋಪಣ್ಣ ಟೆನಿಸ್ ಶುರು ಮಾಡಿದ್ದು 11ನೇ ವಯಸ್ಸಿನಲ್ಲಿ. ಹಾಕಿ, ಫುಟ್‌ಬಾಲ್ ಕೂಡ ಅವರಿಗೆ ಇಷ್ಟವಾಗಿದ್ದವು. 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದರು. ಒಬ್ಬರ ಕತೆಯಿಂದ ನಿಯಮ ಮಾಡಬಾರದೆಂದು ಈಗಷ್ಟೇ ಹೇಳಿದ್ದೇನೆ, ಆದರೆ ಇಲ್ಲಿ ಕತೆಯ ಹಿಂದೆ ಅಂಕಿಗಳೂ ಇವೆ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳ ಮಾತು ಬೇರೆ, ಅಲ್ಲಿ ಚಿಕ್ಕ ವಯಸ್ಸಿನಲ್ಲೇ ಉತ್ತುಂಗಕ್ಕೆ ಏರುತ್ತಾರೆ.

ದೇಹದ ಲೆಕ್ಕವೂ ಇದೆ. ವರ್ಷವಿಡೀ ಒಂದೇ ಆಟವಾಡುವ ಮಕ್ಕಳಲ್ಲಿ ಅದೇ ಮೂಳೆ, ಅದೇ ಕೀಲಿನ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಗಾಯಗಳಾಗುತ್ತವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೇನೆಂದರೆ, ಒಂದೇ ಆಟಕ್ಕೆ ಸೀಮಿತವಾಗುವುದನ್ನು 15-16 ವರ್ಷದವರೆಗೆ ಮುಂದೂಡಿ, ವಾರಕ್ಕೆ ಕನಿಷ್ಠ ಒಂದು ದಿನ ಬಿಡುವು ಕೊಡಿ, ಮುಖ್ಯ ಆಟದಿಂದ ವರ್ಷದಲ್ಲಿ ಒಟ್ಟು ಮೂರು ತಿಂಗಳು ದೂರವಿಡಿ. ನೆನಪಿಡಲು ಸುಲಭವಾದ ಒಂದು ಅಳತೆಯೂ ಅಧ್ಯಯನದಿಂದ ಬಂದಿದೆ: ವಾರದಲ್ಲಿ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಹತ್ತು ವರ್ಷದ ಮಗುವಿಗೆ ಹತ್ತು ಗಂಟೆ, ಅದಕ್ಕಿಂತ ಹೆಚ್ಚಲ್ಲ.

ಮಗು ‘ಸಾಕು’ ಎಂದಾಗ

ಕ್ರೀಡಾ ಕುಟುಂಬದಲ್ಲಿ ಈ ಮಾತು ಬಂದಾಗ ಮನೆಯೇ ಅಲ್ಲಾಡುತ್ತದೆ. ತಕ್ಷಣ ಒಪ್ಪಬೇಕಿಲ್ಲ, ತಕ್ಷಣ ತಳ್ಳಿಹಾಕಲೂ ಬಾರದು. ಮೊದಲು ಕಾರಣ ತಿಳಿಯಬೇಕು. ಒಂದು ಸೋಲಿನ ಬೇಸರವೇ, ಜೊತೆಗಾರ ಬೇರೆ ಊರಿಗೆ ಹೋದನೇ, ಹೇಳಿಕೊಳ್ಳದ ನೋವಿದೆಯೇ, ನಿಜವಾಗಿ ಬೇರೆ ಏನೋ ಸೆಳೆಯುತ್ತಿದೆಯೇ? ‘ಈ ಸೀಸನ್ ಮುಗಿಸು, ಆಮೇಲೆ ನೀನೇ ತೀರ್ಮಾನಿಸು’ ಎನ್ನುವುದು ಅನೇಕ ಮನೆಗಳಲ್ಲಿ ಕೆಲಸ ಮಾಡುವ ಒಪ್ಪಂದ. ಮಾತು ಕೊಟ್ಟ ಮೇಲೆ ಸೀಸನ್ ಮುಗಿದ ದಿನ ಅದನ್ನು ಉಳಿಸಿಕೊಳ್ಳಬೇಕು, ಇಲ್ಲವಾದರೆ ಮುಂದಿನ ಸಲ ಮಗು ಕೇಳುವುದೇ ಇಲ್ಲ.

ಪಂದ್ಯ ಮುಗಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಬರುವಾಗ ಆಟದ ಪೋಸ್ಟ್‌ಮಾರ್ಟಂ ಬೇಡ. ಮಗು ಆ ಹೊತ್ತಿನಲ್ಲಿ ದಣಿದಿರುತ್ತದೆ, ತಪ್ಪೇನೆಂದು ಅದಕ್ಕೂ ಗೊತ್ತಿರುತ್ತದೆ, ಇಳಿದು ಹೋಗುವ ಹಾಗೂ ಇಲ್ಲ. ದೋಸೆ ತಿನ್ನಿಸಿ. ಆಟದ ಬಗ್ಗೆ ಅದಾಗಿಯೇ ಬಾಯಿಬಿಟ್ಟರೆ ಕೇಳಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ನಿನ್ನೆಯವರೆಗೆ ಕುಣಿಯುತ್ತಾ ಹೋಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಕ್ಯಾಂಪಿಗೆ ಹೋಗಲ್ಲ ಎಂದು ಹಟ ಹಿಡಿದರೆ, ಒಬ್ಬ ವ್ಯಕ್ತಿಯ ಹೆಸರು ಕೇಳಿದರೆ ಮಂಕಾದರೆ, ಅದನ್ನು ಸೋಮಾರಿತನ ಎನ್ನಬೇಡಿ. ಹೊಡೆತ, ಅವಮಾನ ಅಥವಾ ಲೈಂಗಿಕ ಕಿರುಕುಳ ನಡೆದಿರುವ ಸಾಧ್ಯತೆ ಇದೆ. ತರಬೇತುದಾರರು ಮನೆಯವರಿಗೆ ಎಷ್ಟೇ ಆಪ್ತರಾಗಿದ್ದರೂ, ಅಪ್ಪನ ಹಳೆಯ ಸಹ ಆಟಗಾರರೇ ಆಗಿದ್ದರೂ, ಮಗುವಿನ ಮಾತನ್ನು ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು. ಮಗು ಊಟ-ನಿದ್ದೆ ಬಿಟ್ಟು ಒಳಗೇ ಕುಗ್ಗುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.